ತಪಸಿ ಮರ ಗುರುತಿಸುವುದು ಹೇಗೆ: ಕೊಡಗಿನ ತೋಟ, ಕಾಡುಗಳಲ್ಲಿ ನಮ್ಮದೇ ಎಲ್ಮ್

ದಕ್ಷಿಣ ಭಾರತಕ್ಕೂ ತನ್ನದೇ ಆದ ಒಂದು ಎಲ್ಮ್ ಮರ ಇದೆ. ಕನ್ನಡದಲ್ಲಿ ಅದು ತಪಸಿ, ಕೆಲವು ಕಡೆ ರಾಹುಬೀಜ. ಸಸ್ಯಶಾಸ್ತ್ರದ ಹೆಸರು ಹೊಲಾಪ್ಟೆಲಿಯಾ ಇಂಟೆಗ್ರಿಫೋಲಿಯಾ. ಆಯುರ್ವೇದದವರು ಇದನ್ನೇ ಚಿರಬಿಲ್ವ ಎನ್ನುತ್ತಾರೆ. ವಿಲಿಯಂ ರಾಕ್ಸ್‌ಬರ್ಗ್ ಈ ಮರವನ್ನು ಮೊದಲು ವಿವರಿಸಿದಾಗ ಯುರೋಪಿನ ಎಲ್ಮ್‌ಗಳಿರುವ ಅಲ್ಮಸ್ ಕುಲಕ್ಕೇ ಸೇರಿಸಿದ್ದ. 1848ರಲ್ಲಿ ಪ್ಲಾಂಶೋನ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಇದಕ್ಕೆ ಬೇರೆ ಕುಲ ಕಟ್ಟಿದ. ಕುಲ ಬೇರೆಯಾದರೂ ಕುಟುಂಬ ಮಾತ್ರ ಅದೇ, ಅಲ್ಮೇಸಿ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಎಲ್ಮ್ ಗುರುತಿಸುವುದು ಹೇಗೆ ಎಂದು ಮೊಬೈಲಿನಲ್ಲಿ ಹುಡುಕಿದರೆ ಸಿಗುವುದು ಯುರೋಪ್, ಅಮೆರಿಕಾದ ಮರಗಳ ಲಕ್ಷಣ: ಎಲೆಯ ಅಂಚು ಗರಗಸದ ಹಲ್ಲು, ಮೈ ಒರಟು, ಬುಡದಲ್ಲಿ ಒಂದು ಪಕ್ಕ ಮೇಲೆ, ಇನ್ನೊಂದು ಪಕ್ಕ ಕೆಳಗೆ. ಆ ಪಟ್ಟಿ ಹಿಡಿದುಕೊಂಡು ತಿತಿಮತಿ ಕಡೆಯ ತೋಟಕ್ಕೆ ಹೋದರೆ ನೀವು ಗುರುತು ಹಾಕಿ ಬರುವುದು ತಪಸಿಯನ್ನಲ್ಲ, ತಡಸಲು ಮರವನ್ನು. ತಪಸಿಯ ಎಲೆಗೆ ಹಲ್ಲಿಲ್ಲ, ಒರಟಿಲ್ಲ, ಬುಡದ ಓರೆಯೂ ಇಲ್ಲ. ಆದ್ದರಿಂದ ಹೊರಗಿನ ಎಲ್ಮ್‌ಗಳ ವಿಷಯ ಬದಿಗಿಟ್ಟು ಶುರುಮಾಡಿ. ಅಲ್ಮಸ್ ಕುಲದ ಕಾಡುಮರಗಳು ನಮ್ಮ ದೇಶದಲ್ಲಿರುವುದು ಹಿಮಾಲಯದಲ್ಲಿ ಮತ್ತು ಈಶಾನ್ಯದಲ್ಲಿ, ಕೊಡಗಿನಲ್ಲಲ್ಲ.

ಎಲ್ಲಿ ಹುಡುಕಬೇಕು

ತಪಸಿ ಎಲೆ ಉದುರಿಸುವ ಮರ, ಒಣ ಹವೆ ಅದಕ್ಕೆ ಒಗ್ಗುತ್ತದೆ. ಭಾಗಮಂಡಲ, ತಲಕಾವೇರಿ, ಪುಷ್ಪಗಿರಿ ಕಡೆಯ ಸದಾ ಹಸಿರು ಕಾಡಿನಲ್ಲಿ ಇದನ್ನು ಹುಡುಕುವುದು ವ್ಯರ್ಥ ಶ್ರಮ. ಪೂರ್ವಕ್ಕೆ ಬನ್ನಿ. ಕುಶಾಲನಗರದ ಸುತ್ತಮುತ್ತ, ಆನೆಕಾಡು, ದುಬಾರೆ, ಸಿದ್ದಾಪುರದಿಂದ ತಿತಿಮತಿಯತ್ತ, ನಾಗರಹೊಳೆಯ ಅಂಚು. ತೇಗ, ಮತ್ತಿ, ದಿಂಡಿಗ, ಹೊನ್ನೆ, ಬೀಟೆ ಎಲ್ಲಿ ಜೊತೆಯಾಗಿ ಬೆಳೆಯುತ್ತವೋ ಅಂಥ ಜಾಗದಲ್ಲಿ ಕಣ್ಣಾಡಿಸಬೇಕು. ಮಡಿಕೇರಿಗಿಂತ ಕುಶಾಲನಗರದ ಮಳೆ ಎಷ್ಟು ಕಡಿಮೆ ಎನ್ನುವುದು ಇಲ್ಲಿಯವರಿಗೆ ಹೇಳಿ ಗೊತ್ತಾಗಬೇಕಾಗಿಲ್ಲ. ಆ ವ್ಯತ್ಯಾಸವೇ ಮರಗಳ ಪಟ್ಟಿಯನ್ನೂ ಬದಲಿಸುತ್ತದೆ.

ಹೊರಡುವ ಮುಂಚೆ ಒಂದು ಮಾತು. ಈ ಭಾಗವೆಲ್ಲ ಆನೆ ಓಡಾಡುವ ಜಾಗ. ಬೆಳಗ್ಗೆ ಮಂಜು ಕರಗುವ ಮೊದಲು, ಸಂಜೆ ಕತ್ತಲಾಗುವ ಹೊತ್ತಿಗೆ ಮರದ ತುದಿ ನೋಡುತ್ತಾ ತೋಟದೊಳಗೆ ನಡೆಯಬೇಡಿ. ತೋಟದವರನ್ನು ಕೇಳಿ, ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂದು ತಿಳಿದುಕೊಂಡು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ರಾಷ್ಟ್ರೀಯ ಉದ್ಯಾನದೊಳಗೆ ಎಲೆ ಕೀಳುವುದೂ ತಪ್ಪೇ. ದೇವರಕಾಡಿನಲ್ಲೂ ರೆಂಬೆ ಮುರಿಯಬೇಡಿ. ಬಿದ್ದ ಎಲೆ, ಬಿದ್ದ ಬೀಜ ಗುರುತಿಗೆ ಧಾರಾಳ ಸಾಕು.

ದೂರದಿಂದ: ಕೊಂಬೆ ಮತ್ತು ಆಕಾರ

ತಪಸಿ ದೊಡ್ಡ ಮರ. ಸಾಮಾನ್ಯವಾಗಿ 18ರಿಂದ 20 ಮೀಟರ್, ಒಳ್ಳೆಯ ಮಣ್ಣು ಸಿಕ್ಕಿದರೆ ಇನ್ನೂ ಎತ್ತರ. ನೆತ್ತಿ ಅಗಲವಾಗಿ ಹರಡಿರುತ್ತದೆ. ದಪ್ಪ ಕೊಂಬೆಗಳು ಮೇಲಕ್ಕೂ ಪಕ್ಕಕ್ಕೂ ಚಾಚಿದರೂ ತುದಿಯ ಸಣ್ಣ ರೆಂಬೆಗಳು ಕೆಳಗೆ ಬಾಗಿ ಇಳಿಬಿದ್ದಿರುತ್ತವೆ. ಎಲೆ ಉದುರಿದ ಕಾಲದಲ್ಲಿ ಆಕಾಶದ ಎದುರು ನೋಡಿದರೆ ಈ ಜೋಲು ರೆಂಬೆಗಳು ಚೆನ್ನಾಗಿ ಕಾಣುತ್ತವೆ.

ಆದರೆ ತೋಟದ ಮರದ ಆಕಾರವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮುಂಗಾರಿಗೆ ಮೊದಲು ಮರಗಸಿ ಮಾಡುವಾಗ ಕೆಳಗಿನ ಕೊಂಬೆಗಳನ್ನೆಲ್ಲ ಸವರಿ, ನೆರಳು ಎಷ್ಟು ಬೇಕೋ ಅಷ್ಟು ಉಳಿಸುತ್ತಾರೆ. ವರ್ಷ ವರ್ಷ ಹೀಗೆ ಕೊಂಬೆ ಸವರಿಸಿಕೊಂಡ ಮರ ಯಾವ ಜಾತಿಯದೇ ಆಗಲಿ, ನೆಟ್ಟಗೆ ಉದ್ದಕ್ಕೆ ಹೋಗಿ ನೆತ್ತಿಯಲ್ಲಿ ಮಾತ್ರ ಹಸಿರು ಇಟ್ಟುಕೊಂಡಿರುತ್ತದೆ. ಇಳಿಬಿದ್ದ ರೆಂಬೆ ಕಂಡರೆ ತಪಸಿ ಇರಬಹುದು ಎನ್ನಿ; ಕಾಣದಿದ್ದರೆ ಅಲ್ಲ ಎಂದು ತೀರ್ಮಾನಿಸಬೇಡಿ. ರಸ್ತೆ ಬದಿ, ಹೊಳೆ ದಂಡೆ, ಗದ್ದೆಯ ಬದುವಿನಂಥ ಜಾಗದಲ್ಲಿ ಕತ್ತಿ ಕಾಣದೆ ಬೆಳೆದ ಮರ ಸಿಕ್ಕರೆ ಅದನ್ನು ಮೊದಲು ನೋಡಿ ಕಣ್ಣು ಪಳಗಿಸಿಕೊಳ್ಳುವುದು ಒಳ್ಳೆಯದು.

ತೊಗಟೆ

ಎಳೆಯ ಮರದ ತೊಗಟೆ ಬೂದು ಬಣ್ಣ, ಹೆಚ್ಚುಕಡಿಮೆ ನುಣುಪು. ಹತ್ತಿರ ಹೋಗಿ ನೋಡಿದರೆ ಮೈತುಂಬ ಸಣ್ಣ ಸಣ್ಣ ಗುಳ್ಳೆಗಳು. ಇವು ಮರದ ಉಸಿರುರಂಧ್ರಗಳು. ಅಂಗೈ ಇಟ್ಟು ನಿಧಾನ ಎಳೆದರೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತವೆ. ಮರಕ್ಕೆ ವಯಸ್ಸಾದಂತೆ ತೊಗಟೆ ಬೆಂಡಿನಂಥ ಹಗುರ ಚಕ್ಕೆಗಳಾಗಿ ಏಳುತ್ತದೆ. ಚಕ್ಕೆ ಬಿದ್ದ ಜಾಗದಲ್ಲಿ ಒಳಗಿನ ಹೊಸ ಪದರ ಕಾಣುತ್ತದೆ, ಹೀಗಾಗಿ ಹಳೆಯ ಕಾಂಡ ಒಂದೇ ಬಣ್ಣದ್ದಾಗಿರದೆ ತೇಪೆ ತೇಪೆಯಾಗಿರುತ್ತದೆ. ಮತ್ತಿಯ ಹಾಗೆ ಆಳವಾಗಿ ಚೌಕ ಚೌಕವಾಗಿ ಸೀಳಿರುವುದಿಲ್ಲ. ತೊಗಟೆಯೇ ಸಾಕು, ಇವೆರಡನ್ನು ಬೇರ್ಪಡಿಸಲು.

ಕೊಡಗಿನಲ್ಲಿ ತೊಗಟೆ ನೋಡುವುದಕ್ಕೆ ಎರಡು ಅಡ್ಡಿ. ಒಂದು ಕರಿಮೆಣಸಿನ ಬಳ್ಳಿ. ನೆಲದಿಂದ ಏಣಿಯ ಎತ್ತರದವರೆಗೂ ಕಾಂಡವನ್ನು ಮುಚ್ಚಿಬಿಟ್ಟಿರುತ್ತದೆ. ಇನ್ನೊಂದು ಪಾಚಿ ಮತ್ತು ಕಲ್ಲುಹೂವು. ಮಳೆಗಾಲ ಕಳೆದ ಹೊಸದರಲ್ಲಿ ಎಲ್ಲಾ ಮರಗಳ ತೊಗಟೆಯೂ ಹಸಿರು ಮಿಶ್ರಿತ ಬೂದಿಯಾಗಿ ಕಾಣುತ್ತದೆ, ಮುಖ್ಯವಾಗಿ ಮಳೆ ಬಡಿಯುವ ಪಶ್ಚಿಮದ ಮಗ್ಗುಲು. ಬಿಸಿಲು ಬೀಳುವ ಮಗ್ಗುಲನ್ನು ನೋಡಿ. ಬಳ್ಳಿ ಇದ್ದರೆ ಅದಕ್ಕಿಂತ ಮೇಲಿನ ಕಾಂಡವನ್ನು ದುರ್ಬೀನಿನಲ್ಲಿ ನೋಡಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಿ. ಬಳ್ಳಿ ಸರಿಸಲು ಹೋಗಬೇಡಿ. ಅಂಟುಬೇರು ಬಿಟ್ಟುಕೊಂಡರೆ ತೋಟದವರಿಗೆ ನಷ್ಟ.

ಕತ್ತಿಯಲ್ಲಿ ಕಾಂಡಕ್ಕೆ ಒಂದು ಏಟು ಹಾಕಿ ಒಳಬಣ್ಣ ನೋಡುವ ರೂಢಿ ಹಳಬರಲ್ಲಿದೆ. ದಯವಿಟ್ಟು ಅದು ಬೇಡ. ತಪಸಿಯ ತೊಗಟೆಯನ್ನು ಕೀಲುನೋವಿನ ಔಷಧಿಗೆಂದು ಸುಲಿಯುವವರು ಹೇಗೂ ಇದ್ದಾರೆ, ಸುತ್ತಲೂ ಸುಲಿದರೆ ಮರ ಒಣಗುತ್ತದೆ. ಗುರುತಿಸುವುದಕ್ಕಾಗಿ ನಾವೂ ಗಾಯ ಮಾಡಬೇಕಾಗಿಲ್ಲ. ಆ ಏಟಿನಿಂದ ತಿಳಿಯುವುದೆಲ್ಲ ಒಂದು ಎಲೆಯಿಂದ ತಿಳಿಯುತ್ತದೆ.

ಎಲೆ: ಕಣ್ಣು, ಬೆರಳು, ಮೂಗು

ಮೊದಲು ಎಲೆ ಒಂಟಿಯೋ ಸಂಯುಕ್ತವೋ ನೋಡಿ. ಇದರಲ್ಲಿ ಎಡವುವವರೇ ಹೆಚ್ಚು. ಹೊಂಗೆ, ಹೊನ್ನೆ, ಬೀಟೆ ಮರಗಳಲ್ಲಿ ನಮಗೆ ಎಲೆಯಂತೆ ಕಾಣುವುದು ನಿಜಕ್ಕೂ ಒಂದು ದೊಡ್ಡ ಎಲೆಯ ಕಿರುಭಾಗ. ಪರೀಕ್ಷೆ ಸುಲಭ: ಎಲೆಯ ತೊಟ್ಟು ರೆಂಬೆಗೆ ಸೇರುವ ಕಂಕುಳಲ್ಲಿ ಪುಟ್ಟ ಮೊಗ್ಗು ಇರಬೇಕು. ಇದ್ದರೆ ಅದು ಪೂರ್ತಿ ಎಲೆ. ಇಲ್ಲದಿದ್ದರೆ ಕಿರುಎಲೆ, ಮೊಗ್ಗು ಇನ್ನೂ ಕೆಳಗೆ ಎಲ್ಲೋ ಇರುತ್ತದೆ. ತಪಸಿಯ ಪ್ರತಿ ಎಲೆಯ ಕಂಕುಳಲ್ಲೂ ಮೊಗ್ಗು ಸಿಗುತ್ತದೆ.

ಆಮೇಲೆ ಜೋಡಣೆ. ತಪಸಿಯಲ್ಲಿ ಎಲೆಗಳು ಎದುರು ಬದುರಾಗಿರದೆ ಒಂದು ಈ ಕಡೆ, ಮುಂದಿನದು ಆ ಕಡೆ ಹೀಗೆ ಪರ್ಯಾಯವಾಗಿ, ರೆಂಬೆಯ ಎರಡೂ ಪಕ್ಕ ಸಾಲಾಗಿ ಬರುತ್ತವೆ. ರೆಂಬೆಯನ್ನು ಅಂಗೈ ಮೇಲೆ ಇಟ್ಟರೆ ಎಲೆಗಳು ಒಂದೇ ಸಮತಟ್ಟಿನಲ್ಲಿ ಮಲಗುತ್ತವೆ.

ಈಗ ಒಂದೇ ಎಲೆಯನ್ನು ಹಿಡಿದುಕೊಳ್ಳಿ. ಉದ್ದ 8ರಿಂದ 13 ಸೆಂಟಿಮೀಟರ್, ಅಗಲ 3ರಿಂದ 6 ಸೆಂಟಿಮೀಟರ್. ಮೊಟ್ಟೆಯಾಕಾರ, ತುದಿ ಚೂಪಾಗಿ ಎಳೆದುಕೊಂಡಿರುತ್ತದೆ. ಬುಡ ದುಂಡಗೆ, ಕೆಲವು ಎಲೆಗಳಲ್ಲಿ ತುಸು ಒಳಗೆ ಬಾಗಿ ಹೃದಯದ ಆಕಾರ. ತೊಟ್ಟು ಗಿಡ್ಡ, 1 ಸೆಂಟಿಮೀಟರ್ ಆಸುಪಾಸು. ಅಂಚಿನ ಮೇಲೆ ಉಗುರು ಆಡಿಸಿದರೆ ಎಲ್ಲೂ ತಡೆಯುವುದಿಲ್ಲ, ಪೂರ್ತಿ ನಯ. ನಡುನರದಿಂದ ಎರಡೂ ಕಡೆಗೆ ಐದರಿಂದ ಎಂಟು ಜೊತೆ ಪಕ್ಕನರಗಳು ಹೊರಟು ಅಂಚಿನ ಹತ್ತಿರ ಬಾಗುತ್ತವೆ. ಬುಡದಿಂದಲೇ ಮೂರು ನರ ಒಟ್ಟಿಗೆ ದಪ್ಪವಾಗಿ ಹೊರಟಿದ್ದರೆ ನಿಲ್ಲಿ, ಅದು ಬೇರೆ ಮರ. ಅದರ ವಿಚಾರ ಮುಂದೆ ಬರುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಎಲೆಯನ್ನು ಬೆರಳುಗಳ ನಡುವೆ ಚೆನ್ನಾಗಿ ಕಿವುಚಿ ಮೂಸಿ ನೋಡಿ. ತಪಸಿಯಾದರೆ ಮುಖ ಆಚೆ ತಿರುಗಿಸುವಂಥ ಕೆಟ್ಟ ನಾತ ಬರುತ್ತದೆ. ಹಸಿ ಸೊಪ್ಪಿನ ಸಾಮಾನ್ಯ ವಾಸನೆ ಅಲ್ಲ, ಸ್ಪಷ್ಟವಾಗಿ ಅಹಿತವಾದದ್ದು. ಎಳೆಯ ರೆಂಬೆಯ ಸಿಪ್ಪೆಯನ್ನು ಉಗುರಿನಲ್ಲಿ ಕೆರೆದರೂ ಅದೇ ನಾತ; ಹಸಿ ಮರ ಕೊಯ್ದಾಗಲೂ ಅದೇ. ಕಕ್ಕಡ (ಆಟಿ) ತಿಂಗಳ ಹದಿನೆಂಟಕ್ಕೆ ಮದ್ದು ತೊಪ್ಪನ್ನು, ಅಂದರೆ ಮದ್ದಿನ ಸೊಪ್ಪನ್ನು, ಘಮದಿಂದಲೇ ಗುರುತಿಸುವ ನಾಡು ನಮ್ಮದು. ಮೂಗನ್ನು ನಂಬುವುದು ಇಲ್ಲಿಯವರಿಗೆ ಹೊಸ ವಿದ್ಯೆ ಏನಲ್ಲ. ಆದರೆ ಎಲೆ ಹಸಿಯಾಗಿರಬೇಕು. ಬಿದ್ದು ಒಣಗಿದ ಎಲೆಯಲ್ಲಿ ವಾಸನೆ ಬರಲಿಲ್ಲ ಎಂದು ಮರವನ್ನು ಬಿಟ್ಟುಬಿಡಬೇಡಿ. ಒಂದು ಮರ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆದುಕೊಳ್ಳಿ, ಇಲ್ಲದಿದ್ದರೆ ಮುಂದಿನ ಎಲ್ಲಾ ಮರಗಳೂ ತಪಸಿಯೇ ಆಗುತ್ತವೆ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಸಸಿಗಳಲ್ಲಿ, ಮತ್ತು ಕಡಿದ ಬುಡದಿಂದ ಹೊಸದಾಗಿ ಒಡೆದ ಚಿಗುರಿನಲ್ಲಿ, ಎಲೆಯ ಅಂಚಿಗೆ ಹಲ್ಲು ಇರುವುದುಂಟು. ತೋಟದಲ್ಲಿ ಕೈಗೆಟಕುವುದು ಹೆಚ್ಚಾಗಿ ಇಂಥ ಚಿಗುರೇ. ನಯವಾದ ಅಂಚು ಎಂಬ ಲಕ್ಷಣವನ್ನು ಬೆಳೆದ ಮರದ ಮೇಲಿನ ರೆಂಬೆಗೆ ಮಾತ್ರ ಅನ್ವಯಿಸಿ. ಬುಡದ ಚಿಗುರು ಮತ್ತು ನೆತ್ತಿಯಿಂದ ಉದುರಿದ ಎಲೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನ್ನ ಪದ್ಧತಿ.

ಬೀಜ ಸಿಕ್ಕರೆ ಅನುಮಾನವೇ ಇಲ್ಲ

ತಪಸಿ ಜನವರಿ, ಫೆಬ್ರವರಿ ಹೊತ್ತಿಗೆ, ಅಂದರೆ ಕಾಫಿ ಕೊಯ್ಲು ಮುಗಿಯುತ್ತಾ ಬರುವಾಗ, ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಆ ಬೋಳು ರೆಂಬೆಗಳ ಮೇಲೆ, ಹಳೆಯ ಎಲೆ ಬಿದ್ದ ಗುರುತಿರುವ ಜಾಗದಲ್ಲೇ, ಹೂಗಳು ಗುಂಪಾಗಿ ಬರುತ್ತವೆ. ಹಸಿರು ಮಿಶ್ರಿತ ಕಂದು ಹಳದಿ, ಪಕಳೆ ಇಲ್ಲ, ಬಹಳ ಸಣ್ಣವು. ಕೆಳಗೆ ನಿಂತವರಿಗೆ ರೆಂಬೆ ಗಂಟು ಗಂಟಾದಂತೆ ಅನ್ನಿಸುತ್ತದೆ, ಹೂವೆಂದು ಹೊಳೆಯುವುದೇ ಇಲ್ಲ. ಪರಾಗ ಗಾಳಿಯಲ್ಲಿ ಹರಡುತ್ತದೆ. ನಮ್ಮ ದೇಶದಲ್ಲಿ ಅಲರ್ಜಿ ತರುವ ಪರಾಗಗಳಲ್ಲಿ ಇದೂ ಒಂದು. ಉಬ್ಬಸ, ಸೀನಿನ ತೊಂದರೆ ಇರುವವರು ಆ ದಿನಗಳಲ್ಲಿ ಮರದ ಕೆಳಗೆ ಹೆಚ್ಚು ಹೊತ್ತು ನಿಲ್ಲದಿರುವುದು ಮೇಲು.

ಹೂಮಳೆಯ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ, ಸುಮಾರಿಗೆ ಕಾಯಿ ಬಲಿಯುತ್ತದೆ. ತಪಸಿಯ ನಿಜವಾದ ಸಹಿ ಇದೇ. ಗೊಂಚಲು ಗೊಂಚಲಾಗಿ ತೂಗುವ ಚಪ್ಪಟೆ, ದುಂಡನೆಯ ಕಾಯಿಗಳು. ಒಂದೊಂದೂ ಸುಮಾರು 2.5 ಸೆಂಟಿಮೀಟರ್, ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಚೂರು ಕಿರಿದು. ಮೊದಲು ತಿಳಿಹಸಿರು. ಹೊಸ ಎಲೆ ಇನ್ನೂ ಬಂದಿಲ್ಲದ ಮರ ಬರೀ ಕಾಯಿಯಿಂದಲೇ ಹಸಿರಾದಂತೆ ಕಾಣುವುದು ಆಗಲೇ. ಆಮೇಲೆ ಒಣಗಿ ತಿಳಿಕಂದಾಗುತ್ತವೆ, ಗಾಳಿ ಬೀಸಿದಾಗ ಉದುರಿ ದೂರದವರೆಗೆ ತೇಲಿಹೋಗುತ್ತವೆ.

ಒಂದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಸ್ವಲ್ಪ ಉಬ್ಬಿದ ಜಾಗ, ಅಲ್ಲಿ ಒಂದೇ ಬೀಜ. ಸುತ್ತಲೂ ಬೆಳಕು ತೂರುವಷ್ಟು ತೆಳು ರೆಕ್ಕೆ, ಅದರ ತುಂಬ ಬಲೆಯಂತೆ ಹೆಣೆದ ನರ. ಒಂದು ತುದಿಯಲ್ಲಿ ಸಣ್ಣ ತೊಟ್ಟು, ಅದರ ಎದುರಿನ ತುದಿಯಲ್ಲಿ ಒಂದು ಕಚ್ಚು. ಆ ಕಚ್ಚಿನ ಎರಡು ಬದಿಗಳಲ್ಲಿ ಹೂವಿನ ಕಾಲದಿಂದ ಉಳಿದುಕೊಂಡ ಎರಡು ಪುಟ್ಟ ಮೊನೆಗಳು. ಈ ಕಚ್ಚು, ಈ ಬಲೆ ಎರಡೂ ಇದ್ದರೆ ಇನ್ನೇನೂ ನೋಡಬೇಕಾಗಿಲ್ಲ. ಮರದ ಕೆಳಗೆ ಕಾಫಿ ಗಿಡಗಳ ಮಧ್ಯದ ತರಗೆಲೆ ಕೆದಕಿದರೆ ಮೇ ತಿಂಗಳವರೆಗೂ ಒಂದೆರಡು ಸಿಗುತ್ತವೆ. ಬೀಜದ ತಿರುಳನ್ನು ತಿನ್ನುವ ರೂಢಿ ಇದೆ, ಆದರೆ ಮರ ಯಾವುದೆಂದು ಖಚಿತವಾಗುವವರೆಗೆ ಬಾಯಿಗೆ ಹಾಕಬೇಡಿ.

ಯಾವ ಮರಗಳೊಡನೆ ಬೆರೆಸಿಕೊಳ್ಳುತ್ತೇವೆ

ದಿಂಡಿಗದ ಜೊತೆಗೇ ಗೊಂದಲ ಜಾಸ್ತಿ. ತೊಗಟೆ ಅದರದ್ದೂ ಬೂದು, ನುಣುಪು, ಚಕ್ಕೆ ಏಳುವಂಥದ್ದು; ರೆಂಬೆಗಳೂ ಇಳಿಬಿದ್ದಿರುತ್ತವೆ; ಎಲೆಗೂ ಹಲ್ಲಿಲ್ಲ; ಬೆಳೆಯುವುದೂ ಅದೇ ಕಾಡಿನಲ್ಲಿ. ದೂರದಿಂದ ನೋಡಿ ಹೇಳುವುದು ಕಷ್ಟ. ಹತ್ತಿರ ಬಂದರೆ ದಿಂಡಿಗದ ತೊಗಟೆ ಹೆಚ್ಚು ಬಿಳಿಚು. ಎಲೆಯ ತುದಿ ಸಾಮಾನ್ಯವಾಗಿ ಮೊಂಡು, ತಪಸಿಯಂತೆ ಎಳೆದ ಚೂಪಲ್ಲ. ಹಲವು ಎಲೆಗಳು ಬಹುಮಟ್ಟಿಗೆ ಎದುರು ಬದುರಾಗಿರುತ್ತವೆ. ಉದುರುವ ಮುನ್ನ ಎಲೆ ತಾಮ್ರಗೆಂಪಿಗೆ ತಿರುಗುತ್ತದೆ. ಕಾಯಿಗಳು ಸಣ್ಣ ದುಂಡು ಉಂಡೆಯಾಗಿ ಒತ್ತೊತ್ತಾಗಿ ಕೂತಿರುತ್ತವೆ. ಇವೆಲ್ಲ ಸಿಗದಿದ್ದರೂ ಕಿವುಚಿದ ಎಲೆಯಲ್ಲಿ ಆ ನಾತ ಇಲ್ಲದಿರುವುದು ದಿಂಡಿಗದ ಕಡೆಗೇ ಬೊಟ್ಟು ಮಾಡುತ್ತದೆ.

ಹೊನ್ನೆ ಮೋಸ ಮಾಡುವುದು ಬೀಜದಲ್ಲಿ. ಅದರದ್ದೂ ದುಂಡನೆಯ ರೆಕ್ಕೆಕಾಯಿ. ಆದರೆ ತಪಸಿಯದಕ್ಕಿಂತ ದೊಡ್ಡದು, ನಡುವೆ ಗಟ್ಟಿ ದಪ್ಪ ಗಂಟು, ರೆಕ್ಕೆ ಅಲೆಅಲೆಯಾಗಿ ಸುರುಟಿಕೊಂಡಿರುತ್ತದೆ, ತುದಿಯ ಕಚ್ಚು ಇಲ್ಲ. ಎಲೆ ಸಂಯುಕ್ತ, ಕಿರುಎಲೆಯ ತುದಿ ಒಳಕ್ಕೆ ಕಚ್ಚಿದಂತೆ. ಕಾಂಡಕ್ಕೆ ಗಾಯವಾದಲ್ಲಿ ಕೆಂಪು ಅಂಟು ಒಸರಿರುವುದು ಕಂಡರೆ ಅದು ಹೊನ್ನೆಯೇ.

ತಡಸಲಿನ ಎಲೆ ಅಗಲ, ಅಂಚಿಗೆ ಹಲ್ಲು, ಬುಡ ಓರೆ, ಬುಡದಿಂದಲೇ ಹಲವು ನರಗಳು. ಹಣ್ಣು ಬಟಾಣಿ ಗಾತ್ರದ ದುಂಡು. ನಂದಿ ಮರದ ತೊಗಟೆಯೂ ಸುಲಿಯುತ್ತದೆ, ಆದರೆ ಕಾಗದದಂಥ ಉದ್ದ ತೆಳು ಪಟ್ಟಿಗಳಾಗಿ. ಎಲೆಗಳು ಎದುರು ಬದುರು. ಹೊಂಗೆ ಎಲೆಗೂ ವಾಸನೆ ಉಂಟು, ಸಂಯುಕ್ತ ಎಲೆ ನೋಡಿ ಬಿಡಬಹುದು.

ಬುಡದಿಂದ ಮೂರು ನರ ಹೊರಡುವ ಮರಗಳ ಮಾತು ಬಾಕಿ ಇತ್ತು. ತೋಟದ ಖಾಲಿ ಜಾಗದಲ್ಲಿ ತಾನಾಗಿ ಎದ್ದು ಬೇಗ ಬೆಳೆಯುವ ಟ್ರೀಮಾ, ಹಾಗೂ ತೇವದ ಕಾಡಿನ ಸೆಲ್ಟಿಸ್ ಜಾತಿಗಳು ಇಂಥವು. ಹಿಂದೆ ಇವನ್ನೂ ಎಲ್ಮ್ ಕುಟುಂಬದಲ್ಲೇ ಇಟ್ಟಿದ್ದರು, ಈಗ ಗಾಂಜಾ ಗಿಡದ ಕುಟುಂಬಕ್ಕೆ ವರ್ಗಾಯಿಸಿದ್ದಾರೆ. ಹಳೆಯ ಸಸ್ಯಪಟ್ಟಿ ನೋಡುವವರು ಇದನ್ನು ನೆನಪಿಡಬೇಕು. ಕೆಲವು ಸೆಲ್ಟಿಸ್ ಮರ ಕೊಯ್ದರೂ ನಾರುತ್ತದೆ, ಹಾಗಾಗಿ ವಾಸನೆ ಒಂದನ್ನೇ ನೆಚ್ಚಿಕೊಳ್ಳಬೇಡಿ. ಮೂರು ನರ, ಮತ್ತು ರೆಕ್ಕೆಯಿಲ್ಲದ ಸಣ್ಣ ದುಂಡು ಹಣ್ಣು, ಎರಡೂ ಇವನ್ನು ತಪಸಿಯಿಂದ ಬೇರೆ ಮಾಡುತ್ತವೆ.

ಗುರುತಾದ ಮೇಲೆ

ಕನಿಷ್ಠ ಮೂರು ಲಕ್ಷಣ ಹೊಂದದೆ ಹೆಸರು ಬರೆಯಬೇಡಿ, ಅದರಲ್ಲಿ ಒಂದು ಎಲೆಯ ವಾಸನೆ ಅಥವಾ ಕಾಯಿ ಆಗಿರಲೇಬೇಕು. ಮಳೆಗಾಲದಲ್ಲಿ ಎಲೆ ಮಾತ್ರ ಸಿಕ್ಕಿದ್ದರೆ ಮರಕ್ಕೆ ಗುರುತು ಇಟ್ಟುಕೊಂಡು ಮಾರ್ಚಿನಲ್ಲಿ ಮತ್ತೆ ಹೋಗಿ. ರೆಂಬೆ, ಎಲೆಯ ಎರಡೂ ಮುಖ, ತೊಗಟೆ, ಇಡೀ ಮರ ಹೀಗೆ ಬೇರೆ ಬೇರೆ ಫೋಟೊ ತೆಗೆಯಿರಿ. ಎಲೆಯ ಪಕ್ಕ ಅಳತೆಪಟ್ಟಿ ಇಡಿ. ಅನುಮಾನ ಉಳಿದರೆ ಎಲೆ, ಕಾಯಿ ಇರುವ ಬಿದ್ದ ರೆಂಬೆಯನ್ನು ದಿನಪತ್ರಿಕೆಯ ನಡುವೆ ಒಣಗಿಸಿ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ತೋರಿಸಿ ಕೇಳಬಹುದು. ಅದಕ್ಕೂ ಮೊದಲು ಮರಗಸಿ ಮಾಡುವ ಹಿರಿಯರನ್ನು ಕೇಳಿ. ನೂರಾರು ಮರಗಳ ನೆತ್ತಿ ಹತ್ತಿ ಇಳಿದವರಿಗೆ ಯಾವ ಮರದ ಹಸಿ ಕೊಂಬೆ ನಾರುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿರುತ್ತದೆ.

ತೋಟದ ಮಾಲೀಕರಲ್ಲಿ ನನ್ನದೊಂದು ವಿನಂತಿ. ಲೆಕ್ಕದ ಪುಸ್ತಕದಲ್ಲಿ ಬೀಟೆ, ಹೊನ್ನೆ, ನಂದಿ, ಮತ್ತಿಗೆ ಹೆಸರಿರುತ್ತದೆ, ಉಳಿದದ್ದೆಲ್ಲ ಕಾಡುಜಾತಿ ಎಂಬ ಒಂದೇ ಸಾಲಿನಲ್ಲಿ ಸೇರುತ್ತದೆ. ಸಿಲ್ವರ್ ಓಕ್‌ಗೆ ಜಾಗ ಮಾಡಬೇಕಾದಾಗ ಮೊದಲು ಹೋಗುವುದು ಆ ಸಾಲಿನ ಮರಗಳು. ತಪಸಿಯ ಮರ ಹಗುರ, ಬೆಲೆ ದೊಡ್ಡದಲ್ಲ, ಹಾಗಾಗಿ ಅದರ ಪರವಾಗಿ ಮಾತಾಡುವವರೂ ಇಲ್ಲ. ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಕೊಡಿ. ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಿರಿ.

ಸಸಿ ಮಾಡುವ ಆಸೆ ಇದ್ದವರು ಕಂದುಬಣ್ಣಕ್ಕೆ ತಿರುಗಿದ ಕಾಯಿಗಳನ್ನು ಏಪ್ರಿಲ್ ಒಳಗೆ ಆರಿಸಿಕೊಳ್ಳಿ. ನಡುವಿನ ಉಬ್ಬನ್ನು ಒತ್ತಿ ನೋಡಿ, ಪೊಳ್ಳಾಗಿದ್ದರೆ ಎಸೆಯಿರಿ. ಬಹಳ ದಿನ ಇಡದೆ ಹೊಸದಿರುವಾಗಲೇ ಬಿತ್ತಿ. ಹಳತಾದಷ್ಟೂ ಮೊಳೆಯುವ ಶಕ್ತಿ ಕುಗ್ಗುತ್ತದೆ. ಬೀಜ ಹಗುರವಾದ್ದರಿಂದ ಆಳಕ್ಕೆ ಹೂಳದೆ ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಸಸಿಯ ಎಲೆಗೆ ಹಲ್ಲು ಕಂಡರೆ ಬೇರೆ ಗಿಡ ಎಂದು ಕಿತ್ತು ಹಾಕಬೇಡಿ.